ಮದ್ದಿನ ಸುಳಿವು ಹಿಡಿಯುವ ನ್ಯಾನೋ ಪದಾರ್ಥಗಳು

ಅಂತಿಮ ಬಿ.ಎ. (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ)

ಕಲಾವಿಭಾಗದ ವಿದ್ಯಾರ್ಥಿಗೆ ಸ್ಫೋಟಕ ವಸ್ತುಗಳ ರಸಾಯನಶಾಸ್ತ್ರವೇಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ವಿಜ್ಞಾನದಲ್ಲಿ ನನಗಿರುವ ಬಂಡವಾಳವೆಂದರೆ ಹತ್ತನೆಯ ತರಗತಿಯ ಪಾಠಗಳು ಮಾತ್ರ. ಆದರೆ ಈ ವಿಷಯವನ್ನು ನಾನಾಗಿ ಹುಡುಕಿಕೊಂಡು ಹೋಗಲಿಲ್ಲ. ಅದೇ ನಮ್ಮ ಮನೆಯವರೆಗೆ ಬಂತು.

ನಮ್ಮ ತಂದೆಯವರು ಕಲ್ಲುಗಣಿಯಲ್ಲಿ ಕೂಲಿ. ಬಂಡೆಗೆ ಕುಳಿ ಹೊಡೆಯುವುದು, ಪರವಾನಿಗೆ ಇದ್ದವರು ಮದ್ದು ತುಂಬುವಾಗ ಪೆಟ್ಟಿಗೆಗಳನ್ನು ಎತ್ತಿಕೊಡುವುದು, ಸಿಡಿದ ಮೇಲೆ ಕಲ್ಲನ್ನು ಸಾಗಿಸುವುದು, ಇವು ಅವರ ಇಪ್ಪತ್ತು ವರ್ಷದ ಕೆಲಸ. ಹಿಂದಿನ ವರ್ಷ ನನ್ನ ವಿದ್ಯಾರ್ಥಿವೇತನದ ಕಾಗದಗಳ ಸಲುವಾಗಿ ನಾವಿಬ್ಬರೂ ನಗರದ ಒಂದು ದೊಡ್ಡ ಕಟ್ಟಡಕ್ಕೆ ಹೋಗಬೇಕಾಯಿತು. ಬಾಗಿಲಲ್ಲಿ ಕಾವಲಿನವರು ಒಂದು ಬಿಳಿಯ ಪಟ್ಟಿಯಿಂದ ಅಪ್ಪನ ಅಂಗೈಯನ್ನೂ ಚೀಲದ ಹಿಡಿಯನ್ನೂ ಒರೆಸಿ, ಆ ಪಟ್ಟಿಯನ್ನು ಯಂತ್ರವೊಂದಕ್ಕೆ ತೂರಿಸಿದರು. ಯಂತ್ರ ಕೂಗಿಕೊಂಡಿತು. ಕೆಂಪು ದೀಪ ಹತ್ತಿತು. ಕ್ಷಣಮಾತ್ರದಲ್ಲಿ ನಾಲ್ಕು ಮಂದಿ ನಮ್ಮನ್ನು ಸುತ್ತುವರಿದರು.

"ಏನು ಕೆಲಸ ಮಾಡ್ತೀಯಪ್ಪ?" ಎಂದು ಒಬ್ಬ ಅಧಿಕಾರಿ ಕೇಳಿದರು.

"ಬಂಡೆ ಕೆಲಸ ಸ್ವಾಮಿ. ಮದ್ದು ಮುಟ್ಟಿದ ಕೈ. ಎಷ್ಟು ತೊಳದ್ರೂ ಹೋಗಾಕಿಲ್ಲ" ಎಂದರು ಅಪ್ಪ.

ಗಣಿಯ ಗುರುತಿನ ಚೀಟಿ, ಮಾಲೀಕರೊಡನೆ ಫೋನಿನ ಮಾತು, ಚೀಲದ ಶೋಧನೆ ಎಲ್ಲವೂ ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ಅಧಿಕಾರಿ ಸಜ್ಜನರು, ಕೊನೆಯಲ್ಲಿ ನೀರು ತರಿಸಿಕೊಟ್ಟು ಕಳುಹಿಸಿದರು. ಆದರೆ ಆ ಒಂದೂವರೆ ಗಂಟೆಯಲ್ಲಿ ನನ್ನ ತಲೆಯಲ್ಲಿ ಎರಡು ಪ್ರಶ್ನೆಗಳು ಮೂಡಿದವು. ಆ ಹಿಂದಿನ ದಿನವೇ ತಲೆಗೆ ಎರೆದುಕೊಂಡು, ಸೀಗೆಪುಡಿಯಿಂದ ಕೈ ಉಜ್ಜಿಕೊಂಡಿದ್ದ ಮನುಷ್ಯನ ಅಂಗೈಯಲ್ಲಿ ಯಂತ್ರವು ಕಂಡದ್ದೇನು? ಕಂಡದ್ದು ನಿಜವೇ ಆಗಿದ್ದರೂ ಅದರ ಅರ್ಥವೇನು? ಮೊದಲನೆಯದು ವಿಜ್ಞಾನದ ಪ್ರಶ್ನೆ. ಎರಡನೆಯದು ನಮ್ಮ ಕಲಾವಿಭಾಗದ ಪ್ರಶ್ನೆ. ಇವೆರಡಕ್ಕೂ ಒಂದು ವರ್ಷ ಓದಿ ಕಂಡುಕೊಂಡ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸಿದ್ದೇನೆ.

ಸುಳಿವಿನ ಅಲ್ಪತೆ

ಯಾವುದೇ ಪದಾರ್ಥದ ವಾಸನೆ ನಮಗೆ ತಿಳಿಯುವುದು ಅದರ ಅಣುಗಳು ಗಾಳಿಯಲ್ಲಿ ತೇಲಿ ಮೂಗಿಗೆ ಬಂದಾಗ. ಮಲ್ಲಿಗೆಯ ಅಣುಗಳು ಧಾರಾಳವಾಗಿ ಹೊರಡುತ್ತವೆ. ಕಲ್ಲಿನ ಅಣುಗಳು ಹೊರಡುವುದೇ ಇಲ್ಲ. ಸೈನ್ಯಗಳು ಬಳಸುವ ಸ್ಫೋಟಕಗಳಲ್ಲಿ ಬಹುಪಾಲು ಕಲ್ಲಿನ ಸ್ವಭಾವಕ್ಕೇ ಹತ್ತಿರ. ಟಿ.ಎನ್.ಟಿ. ಎಂದು ಹೆಸರಾದ ಟ್ರೈನೈಟ್ರೋಟಾಲೀನನ್ನು ತೆಗೆದುಕೊಳ್ಳೋಣ. ಇದನ್ನು ೧೮೬೩ರಲ್ಲಿ ವಿಲ್‌ಬ್ರಾಂಡ್ ಎಂಬ ಜರ್ಮನ್ ರಸಾಯನಜ್ಞ ಮೊದಲು ತಯಾರಿಸಿದ. ಆಗ ಅದು ಹಳದಿ ಬಣ್ಣವೆಂದು ಉಪಯೋಗಕ್ಕೆ ಬಂದಿತೇ ಹೊರತು ಸ್ಫೋಟಕವೆಂದಲ್ಲ. ಸಾಧಾರಣ ಉಷ್ಣತೆಯಲ್ಲಿ ಇದರ ತುಂಡಿನ ಮೇಲಣ ಗಾಳಿಯನ್ನು ಪರೀಕ್ಷಿಸಿದರೆ, ನೂರು ಕೋಟಿ ಅಣುಗಳಲ್ಲಿ ಸುಮಾರು ಐದರಿಂದ ಹತ್ತು ಮಾತ್ರ ಟಿ.ಎನ್.ಟಿ.ಯವು. ಆರ್.ಡಿ.ಎಕ್ಸ್. ಎಂಬುದರ ಸ್ಥಿತಿ ಇನ್ನೂ ಕಠಿಣ. ಅದರಲ್ಲಿ ಒಂದು ಲಕ್ಷ ಕೋಟಿ ಅಣುಗಳಿಗೆ ಕೆಲವೇ ಕೆಲವು.

ಇದರಿಂದ ಆವಿಯನ್ನು ಹಿಡಿಯುವುದು ಕಷ್ಟವೆಂಬುದು ಸ್ಪಷ್ಟ. ಆದರೆ ಈ ಪದಾರ್ಥಗಳಿಗೆ ಇನ್ನೊಂದು ಗುಣವಿದೆ. ಅವು ಅಂಟಿಕೊಳ್ಳುತ್ತವೆ. ಮುಟ್ಟಿದವನ ಬೆರಳಿಗೆ, ಉಗುರಿನ ಸಂದಿಗೆ, ಚೀಲದ ಹಿಡಿಗೆ, ಬಾಗಿಲ ಚಿಲಕಕ್ಕೆ ಕಣ್ಣಿಗೆ ಕಾಣದ ಕಣಗಳಾಗಿ ಹತ್ತಿಕೊಂಡು ಬಹುಕಾಲ ಉಳಿಯುತ್ತವೆ. ಆದಕಾರಣವೇ ದ್ವಾರಗಳಲ್ಲಿ ಪಟ್ಟಿಯಿಂದ ಒರೆಸುವ ಕ್ರಮ ಬಂದದ್ದು. ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲಿಗೆ ಒಂದು ನ್ಯಾನೋಗ್ರಾಮ್ ಎಂದು ಹೆಸರು. ಅಷ್ಟು ಅಲ್ಪವಾದ ಟಿ.ಎನ್.ಟಿ.ಯಲ್ಲಿಯೂ ಎರಡೂವರೆ ಲಕ್ಷ ಕೋಟಿಗೂ ಹೆಚ್ಚು ಅಣುಗಳಿರುತ್ತವೆ. ನಮ್ಮ ದೃಷ್ಟಿಗೆ ಶೂನ್ಯವೆಂದು ತೋರುವುದು ಅಣುಗಳ ಲೆಕ್ಕದಲ್ಲಿ ದೊಡ್ಡ ಜಾತ್ರೆಯೇ ಆಗಿದೆ. ತಕ್ಕ ಸಾಧನವಿದ್ದರೆ ಸಾಕು, ಅದನ್ನು ಕಾಣಬಹುದು.

ನಾಯಿಯ ಮೂಗು

ಈ ಕೆಲಸಕ್ಕೆ ಮನುಷ್ಯನು ಮೊದಲು ಆಶ್ರಯಿಸಿದ್ದು ನಾಯಿಯನ್ನು. ಇಂದಿಗೂ ರೈಲು ನಿಲ್ದಾಣಗಳಲ್ಲಿ, ಸಭೆಗಳಲ್ಲಿ ಪೊಲೀಸರ ನಾಯಿಗಳು ಮೂಸಿ ನೋಡುವುದನ್ನು ನಾವು ಕಾಣುತ್ತೇವೆ. ನಾಯಿಗೇ ಈ ಕೆಲಸವನ್ನು ಮೀಸಲಿಡಬೇಕೆಂದಿಲ್ಲ. ಆಫ್ರಿಕಾದ ದೊಡ್ಡ ಜಾತಿಯ ಇಲಿಗಳನ್ನು ಪಳಗಿಸಿ ನೆಲಬಾಂಬುಗಳನ್ನು ಹುಡುಕಿಸುವ ಸಂಸ್ಥೆಯೊಂದಿದೆ. ಆ ಪೈಕಿ ಮಗಾವಾ ಎಂಬ ಇಲಿಯು ಕಾಂಬೋಡಿಯಾದಲ್ಲಿ ನೂರಕ್ಕೂ ಹೆಚ್ಚು ನೆಲಬಾಂಬು ಮೊದಲಾದ ಸ್ಫೋಟಕಗಳನ್ನು ಪತ್ತೆಮಾಡಿ, ೨೦೨೦ರಲ್ಲಿ ಇಂಗ್ಲೆಂಡಿನ ಪ್ರಾಣಿದಯಾ ಸಂಸ್ಥೆಯೊಂದರಿಂದ ಚಿನ್ನದ ಪದಕವನ್ನೂ ಪಡೆಯಿತು, ೨೦೨೨ರಲ್ಲಿ ತೀರಿಕೊಂಡಿತು.

ಪ್ರಾಣಿಗಳ ಸೇವೆ ದೊಡ್ಡದಾದರೂ ಅದಕ್ಕೆ ಮಿತಿಗಳುಂಟು. ನಾಯಿ ದಣಿಯುತ್ತದೆ. ಅದನ್ನು ಪಳಗಿಸಲು ತಿಂಗಳುಗಳು ಬೇಕು. ತನ್ನ ಯಜಮಾನನ ಮುಖಭಾವವನ್ನು ಓದಿಕೊಂಡು ತಪ್ಪು ಸೂಚನೆ ಕೊಡುವುದೂ ಉಂಟು. ಏನು ಸಿಕ್ಕಿತು, ಎಷ್ಟು ಸಿಕ್ಕಿತು ಎಂದು ಅದು ಹೇಳಲಾರದು. ಈ ಕಾರಣಗಳಿಂದ ದಣಿವರಿಯದ ಕೃತಕ ಮೂಗೊಂದನ್ನು ಕಟ್ಟಬೇಕೆಂಬ ಹಂಬಲ ವಿಜ್ಞಾನಿಗಳಿಗೆ ಬಂತು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಾರ್ಪಾ ೧೯೯೭ರಲ್ಲಿ ಹಣವೊದಗಿಸಿ ಆರಂಭಿಸಿದ ಕಾರ್ಯಕ್ರಮಕ್ಕೆ 'ನಾಯಿಯ ಮೂಗು' ಎಂದೇ ಹೆಸರಿಟ್ಟಿದ್ದರು.

ನ್ಯಾನೋ ಎಂದರೇನು?

ಕೃತಕ ಮೂಗಿಗೆ ನ್ಯಾನೋ ಪದಾರ್ಥವೇ ಏಕೆ ಬೇಕು ಎಂಬುದನ್ನು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ನ್ಯಾನೋಮೀಟರು. ನಮ್ಮ ತಲೆಗೂದಲಿನ ದಪ್ಪ ಸ್ಥೂಲವಾಗಿ ಎಂಬತ್ತು ಸಾವಿರದಿಂದ ಲಕ್ಷ ನ್ಯಾನೋಮೀಟರು. ಒಂದರಿಂದ ನೂರು ನ್ಯಾನೋಮೀಟರಿನ ಒಳಗೆ ಒಂದಾದರೂ ಅಳತೆಯಿರುವ ಪದಾರ್ಥವನ್ನು ನ್ಯಾನೋ ಪದಾರ್ಥವೆನ್ನುವುದು ವಾಡಿಕೆ.

ಬೆಲ್ಲದ ಅಚ್ಚನ್ನು ಹಾಗೆಯೇ ನೀರಿಗೆ ಹಾಕಿದರೆ ಕರಗಲು ಹೊತ್ತು ಹಿಡಿಯುತ್ತದೆ. ಕುಟ್ಟಿ ಪುಡಿಮಾಡಿ ಹಾಕಿದರೆ ಬೇಗ ಕರಗುತ್ತದೆ. ಬೆಲ್ಲ ಅಷ್ಟೇ, ನೀರಿಗೆ ತಾಗುವ ಮೈ ಮಾತ್ರ ಹೆಚ್ಚಾಯಿತು. ಈಗ ಒಂದು ಸೆಂಟಿಮೀಟರು ಉದ್ದ, ಅಗಲ, ಎತ್ತರವಿರುವ ದಾಳವನ್ನು ಊಹಿಸಿಕೊಳ್ಳಿ. ಅದರ ಆರು ಮುಖಗಳ ವಿಸ್ತೀರ್ಣ ಒಟ್ಟು ೬ ಚದರ ಸೆಂಟಿಮೀಟರು. ಅದನ್ನೇ ಕತ್ತರಿಸುತ್ತ ಹೋಗಿ, ಒಂದೊಂದು ನ್ಯಾನೋಮೀಟರಿನ ದಾಳಗಳನ್ನಾಗಿ ಮಾಡಿದೆವೆನ್ನಿ. ಆಗ ಎಲ್ಲ ಮುಖಗಳ ಒಟ್ಟು ವಿಸ್ತೀರ್ಣ ೬,೦೦೦ ಚದರ ಮೀಟರು, ಎಂದರೆ ಹತ್ತಿರ ಹತ್ತಿರ ಒಂದೂವರೆ ಎಕರೆ! ಬೆರಳ ತುದಿಯಷ್ಟು ವಸ್ತುವಿನಲ್ಲಿ ನಮ್ಮ ಊರಿನ ಸಣ್ಣ ರೈತನೊಬ್ಬನ ಹಿಡುವಳಿಯಷ್ಟು ಮೈ ಅಡಗಿರುತ್ತದೆ.

ಸ್ಫೋಟಕದ ಅಣು ಬಂದು ಕೂರುವುದು ಈ ಮೈಯ ಮೇಲೆ. ದಪ್ಪ ವಸ್ತುವಿನಲ್ಲಿ ಮೇಲ್ಪದರದ ಕೆಲವು ಪರಮಾಣುಗಳಿಗೆ ಮಾತ್ರ ಅತಿಥಿ ಬಂದ ಸುದ್ದಿ ತಿಳಿಯುತ್ತದೆ. ಒಳಗಿನ ಕೋಟ್ಯಂತರ ಪರಮಾಣುಗಳಿಗೆ ಏನೂ ಗೊತ್ತಾಗುವುದಿಲ್ಲ. ನ್ಯಾನೋ ಪದಾರ್ಥದಲ್ಲಿ ಒಳಗೆಂಬುದೇ ಬಹುಮಟ್ಟಿಗೆ ಇಲ್ಲ. ಜಪಾನಿನ ಇಜಿಮಾ ೧೯೯೧ರಲ್ಲಿ ವರ್ಣಿಸಿದ ಇಂಗಾಲದ ನ್ಯಾನೋ ನಳಿಗೆಗಳಲ್ಲಿ ಕೆಲವಕ್ಕೆ ಒಂದೇ ಪರಮಾಣುವಿನ ದಪ್ಪದ ಗೋಡೆ. ಗೈಮ್ ಮತ್ತು ನೊವೊಸೆಲೊವ್ ೨೦೦೪ರಲ್ಲಿ ಬೇರ್ಪಡಿಸಿ ೨೦೧೦ರ ನೊಬೆಲ್ ಪಾರಿತೋಷಕ ಪಡೆದ ಗ್ರಾಫೀನು ಎಂಬುದು ಒಂದೇ ಪರಮಾಣು ದಪ್ಪದ ಹಾಳೆ. ಇಂಥವುಗಳ ಮೂಲಕ ವಿದ್ಯುತ್ತನ್ನು ಹರಿಸುತ್ತಿರುವಾಗ ಹೊರಗಿನ ಅಣುವೊಂದು ಬಂದು ಕುಳಿತು ಎಲೆಕ್ಟ್ರಾನನ್ನು ಸೆಳೆದರೆ, ವಿದ್ಯುತ್ತಿನ ಹರಿವು ಅಳೆಯುವಷ್ಟು ವ್ಯತ್ಯಾಸವಾಗುತ್ತದೆ. ೨೦೦೭ರಲ್ಲಿ ಅದೇ ಮ್ಯಾಂಚೆಸ್ಟರಿನ ತಂಡದವರು ಅನಿಲದ ಒಂದೊಂದೇ ಅಣು ಗ್ರಾಫೀನಿನ ಮೇಲೆ ಕೂರುವುದನ್ನೂ ಏಳುವುದನ್ನೂ ಅಳೆದು ತೋರಿಸಿದರು.

ಕಳ್ಳನ ಹಸಿವೇ ಕಳ್ಳನ ಗುರುತು

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಗಾಳಿಯಲ್ಲಿ ನೀರಿನ ಆವಿಯಿದೆ, ಹೊಗೆಯಿದೆ, ಬೆವರಿನ ವಾಸನೆಯಿದೆ. ಇವುಗಳ ನಡುವೆ ಸ್ಫೋಟಕದ ಅಣುವನ್ನೇ ಗುರುತಿಸುವುದು ಹೇಗೆ? ಇಲ್ಲಿ ಸಹಾಯಕ್ಕೆ ಬರುವುದು ಸ್ಫೋಟಕದ ಸ್ವಂತ ಸ್ವಭಾವವೇ. ಟಿ.ಎನ್.ಟಿ.ಯ ಅಣುವಿನಲ್ಲಿ ಬೆಂಜೀನಿನ ಉಂಗುರಕ್ಕೆ ಮೂರು ನೈಟ್ರೋ ಗುಂಪುಗಳು ಅಂಟಿಕೊಂಡಿವೆ. ಸಿಡಿಯುವಾಗ ಬೇಕಾದ ಆಮ್ಲಜನಕವನ್ನು ಒದಗಿಸುವುದು ಈ ಗುಂಪುಗಳು. ಇವೇ ಗುಂಪುಗಳು ಉಂಗುರದಿಂದ ಎಲೆಕ್ಟ್ರಾನುಗಳನ್ನು ತಮ್ಮ ಕಡೆಗೆ ಎಳೆದುಕೊಳ್ಳುವುದರಿಂದ ಆ ಅಣು ಸದಾ ಎಲೆಕ್ಟ್ರಾನಿಗೆ ಹಸಿದಿರುತ್ತದೆ. ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವ ಪದಾರ್ಥವೊಂದನ್ನು ಹತ್ತಿರ ಇಟ್ಟರೆ, ಈ ಹಸಿದ ಅಣು ಕೈಚಾಚದೆ ಇರಲಾರದು. ಯಾವ ಗುಣ ಅದಕ್ಕೆ ಸಿಡಿಯುವ ಶಕ್ತಿ ಕೊಟ್ಟಿತೋ ಅದೇ ಗುಣ ಅದನ್ನು ಹಿಡಿದುಕೊಡುತ್ತದೆ.

ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಟಿಮೊತಿ ಸ್ವೇಗರ್ ಈ ಹಸಿವನ್ನು ಬಹು ಜಾಣ್ಮೆಯಿಂದ ಉಪಯೋಗಿಸಿಕೊಂಡರು. ಅವರೂ ಅವರ ಸಹೋದ್ಯೋಗಿ ಯಾಂಗರೂ ೧೯೯೮ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆಳಕು ಬಿದ್ದಾಗ ಹೊಳೆಯುವ ಒಂದು ಬಗೆಯ ಪಾಲಿಮರಿನ ಅತಿ ತೆಳುವಾದ ಪೊರೆಯನ್ನು ಗಾಜಿನ ಮೇಲೆ ಹರಡಿದರು. ಪಾಲಿಮರೆಂದರೆ ಸಣ್ಣ ಅಣುಗಳು ಕೊಂಡಿ ಕೊಂಡಿಯಾಗಿ ಸೇರಿದ ಉದ್ದನೆಯ ಸರಪಣಿ. ಈ ಪೊರೆಗೆ ಟಿ.ಎನ್.ಟಿ. ಆವಿ ತಾಗಿದೊಡನೆ ಹೊಳಪು ಕುಂದಿತು.

ಹೊಳಪು ಕುಂದುವುದು ಹೊಸದಲ್ಲ. ಎಷ್ಟು ಕಡಿಮೆ ಆವಿಗೆ ಎಷ್ಟು ಹೆಚ್ಚು ಕುಂದಿತೆಂಬುದೇ ವಿಶೇಷ. ನಮ್ಮ ಊರ ಜಾತ್ರೆಯಲ್ಲಿ ತೇರಿಗೆ ಸುತ್ತುವ ಹಳೆಯ ಸೀರಿಯಲ್ ದೀಪಗಳನ್ನು ನೆನಪಿಗೆ ತಂದುಕೊಳ್ಳಿ. ಆ ಸಾಲಿನಲ್ಲಿ ಒಂದು ಬುರುಡೆ ಕೆಟ್ಟರೆ ಇಡೀ ಸಾಲು ಆರಿಹೋಗುತ್ತದೆ. ಹಾಗಲ್ಲದೆ ಮನೆಮನೆಗೂ ಬೇರೆ ಬೇರೆ ದೀಪವಿದ್ದರೆ, ಸಾವಿರ ಮನೆಗಳಲ್ಲಿ ಒಂದು ದೀಪ ಆರಿದ್ದು ದೂರದಿಂದ ನೋಡುವವನಿಗೆ ತಿಳಿಯುವುದೇ ಇಲ್ಲ. ಬಿಡಿ ಅಣುಗಳ ಹೊಳಪು ಮನೆಮನೆಯ ದೀಪದಂತೆ. ಸ್ವೇಗರರ ಸರಪಣಿಯ ಹೊಳಪು ಸೀರಿಯಲ್ ದೀಪದಂತೆ. ಬೆಳಕಿನಿಂದ ಪಡೆದ ಚೈತನ್ಯವು ಆ ಸರಪಣಿಯ ಮೇಲೆ ಕೊಂಡಿಯಿಂದ ಕೊಂಡಿಗೆ ಓಡಾಡುತ್ತಿರುತ್ತದೆ. ಎಲ್ಲಿಯಾದರೂ ಒಂದೆಡೆ ಹಸಿದ ಟಿ.ಎನ್.ಟಿ. ಅಣು ಕುಳಿತಿದ್ದರೆ, ಆ ಚೈತನ್ಯ ಅಲ್ಲಿಗೆ ಬಂದಾಗ ಕಬಳಿಸಲ್ಪಟ್ಟು ಬೆಳಕಾಗದೆ ಹೋಗುತ್ತದೆ. ಹೀಗೆ ಒಂದು ಅಣುವಿನ ಆಗಮನ ನೂರಾರು ಕೊಂಡಿಗಳ ಕತ್ತಲೆಯಾಗಿ ಪ್ರಕಟವಾಗುತ್ತದೆ. ಸರಪಣಿಗಳು ಒತ್ತಾಗಿ ಅಂಟಿಕೊಂಡರೆ ಟಿ.ಎನ್.ಟಿ. ಒಳನುಗ್ಗಲು ಸ್ಥಳವಿರುವುದಿಲ್ಲವೆಂದು, ಪೆಂಟಿಪ್ಟಿಸೀನ್ ಎಂಬ ಅಗಲವಾದ ಗುಂಪುಗಳನ್ನು ನಡುನಡುವೆ ಸೇರಿಸಿ ಅವರು ಸಂದುಗಳನ್ನೂ ಮಾಡಿಟ್ಟರು.

ಈ ತತ್ತ್ವದ ಮೇಲೆ ನೊಮ್ಯಾಡಿಕ್ಸ್ ಎಂಬ ಕಂಪನಿ ಕೈಯಲ್ಲಿ ಹಿಡಿಯುವ ಯಂತ್ರವನ್ನು ಮಾಡಿತು. ನಮ್ಮಲ್ಲಿ ನಾಯಿಗೆ ರಾಜ, ಟೈಗರ್ ಎನ್ನುವಂತೆ ಅಮೆರಿಕದಲ್ಲಿ ಫೈಡೊ ಎನ್ನುವುದು ರೂಢಿ. ಯಂತ್ರಕ್ಕೂ ಅದೇ ಹೆಸರಿಟ್ಟರು. ಇರಾಕಿನ ಯುದ್ಧದಲ್ಲಿ ದಾರಿಬದಿಯ ಬಾಂಬುಗಳನ್ನು ಹುಡುಕಲು ಇದನ್ನು ಸೈನಿಕರು ಬಳಸಿದರು.

ಇದೇ ಎಂ.ಐ.ಟಿ.ಯಲ್ಲಿ ಮೈಕೆಲ್ ಸ್ಟ್ರಾನೋ ಅವರ ತಂಡ ೨೦೧೬ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ವಾರಸ್ಯವಾಗಿದೆ. ಅವರು ಪಾಲಕ್ ಸೊಪ್ಪಿನ ಎಲೆಗಳೊಳಗೆ ಇಂಗಾಲದ ನ್ಯಾನೋ ನಳಿಗೆಗಳನ್ನು ಸೇರಿಸಿದರು. ಗಿಡದ ಬೇರು ಹೀರುವ ನೀರಿನಲ್ಲಿ ಪಿಕ್ರಿಕ್ ಆಮ್ಲ, ಎಂದರೆ ಟಿ.ಎನ್.ಟಿ.ಯ ಬಂಧುವೆನ್ನಬಹುದಾದ ನೈಟ್ರೋ ಪದಾರ್ಥ, ಇದ್ದರೆ ಅದು ಕಾಂಡದ ಮೂಲಕ ಎಲೆಗೆ ಏರುತ್ತದೆ. ಆಗ ನಳಿಗೆಗಳು ಹೊರಸೂಸುವ ಅತಿಕೆಂಪು ಬೆಳಕು ಬದಲಾಗಿ, ಸಣ್ಣದೊಂದು ಕ್ಯಾಮರಾಕ್ಕೆ ಸುದ್ದಿ ಮುಟ್ಟುತ್ತದೆ. ನೆಲಬಾಂಬುಗಳು ಸೋರಿ ಅಂತರ್ಜಲ ಕೆಡುತ್ತಿರುವ ಪ್ರದೇಶಗಳಲ್ಲಿ ಗಿಡವೇ ಕಾವಲುಗಾರನಾಗಬಹುದೆಂಬುದು ಇದರ ಹಿಂದಿನ ಆಶಯ.

ರಾಮನ್ನರ ಬೆಳಕು ಮತ್ತು ನಮ್ಮ ನಾಡಿನ ಕೆಲಸ

ಈ ವಿದ್ಯೆ ಪರದೇಶಗಳಲ್ಲಿಯೇ ಬೆಳೆದದ್ದೆಂದು ತಿಳಿಯಬೇಕಾಗಿಲ್ಲ. ೧೯೨೮ನೆಯ ಫೆಬ್ರವರಿ ೨೮ರಂದು ಕಲ್ಕತ್ತೆಯಲ್ಲಿ ಸರ್ ಸಿ. ವಿ. ರಾಮನ್ನರು ಕಂಡುಹಿಡಿದ ಪರಿಣಾಮವು ಇಂದು ಸ್ಫೋಟಕಗಳ ಪತ್ತೆಯಲ್ಲಿ ಮುಖ್ಯವಾದ ಸಾಧನ. ಪದಾರ್ಥದ ಮೇಲೆ ಒಂದೇ ಬಣ್ಣದ ಬೆಳಕನ್ನು ಬೀರಿದಾಗ, ಚೆದರಿದ ಬೆಳಕಿನ ಅತ್ಯಲ್ಪ ಭಾಗ ಬಣ್ಣ ಬದಲಿಸಿಕೊಂಡು ಹೊರಬರುತ್ತದೆ. ಆ ಬದಲಾವಣೆ ಒಂದೊಂದು ಅಣುವಿಗೂ ಒಂದೊಂದು ಬಗೆ. ಅದು ಅಣುವಿನ ಹೆಬ್ಬೆಟ್ಟಿನ ಗುರುತಿನಂತೆ. ಆದರೆ ಆ ಬೆಳಕು ಬಹಳ ಕ್ಷೀಣ. ೧೯೭೪ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಫ್ಲೈಶ್‌ಮನ್ ಮತ್ತು ಸಂಗಡಿಗರು, ತರಿತರಿಯಾದ ಬೆಳ್ಳಿಯ ಮೈಗೆ ಅಂಟಿದ ಅಣುಗಳಿಂದ ಈ ಬೆಳಕು ಪ್ರಬಲವಾಗಿ ಬರುವುದನ್ನು ಕಂಡರು. ಬೆಳ್ಳಿ, ಚಿನ್ನಗಳ ನ್ಯಾನೋ ಕಣಗಳು ಬೆಳಕನ್ನು ತಮ್ಮ ಅಂಚುಗಳಲ್ಲಿ ಕೇಂದ್ರೀಕರಿಸಿ ಅಣುವಿನ ದನಿಯನ್ನು ಲಕ್ಷಗಟ್ಟಲೆ ಪಾಲು ಹೆಚ್ಚಿಸುತ್ತವೆಂದು ಮುಂದೆ ತಿಳಿಯಿತು. ೧೯೯೭ರ ವೇಳೆಗೆ ಒಂದೇ ಅಣುವಿನ ಗುರುತನ್ನು ಹೀಗೆ ಓದಲು ಸಾಧ್ಯವಾಯಿತು.

ರಾಮನ್ನರು ೧೯೩೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಅದೇ ಸಂಸ್ಥೆಯೂ ಪುಣೆಯ ರಕ್ಷಣಾ ಪ್ರಯೋಗಾಲಯವೂ ಕೂಡಿ ಸಿದ್ಧಪಡಿಸಿದ ರೈಡರ್-ಎಕ್ಸ್ ಎಂಬ ಉಪಕರಣವನ್ನು ೨೦೨೧ರ ಮಾರ್ಚಿಯಲ್ಲಿ ಪ್ರದರ್ಶಿಸಲಾಯಿತು. ಇದು ನ್ಯಾನೋ ಸಂವೇದಕವಲ್ಲವಾದರೂ, ಸ್ಫೋಟಕವನ್ನು ಮುಟ್ಟದೆ ದೂರದಿಂದಲೇ ಗುರುತಿಸಬಲ್ಲದೆಂಬುದರಿಂದ ಉಲ್ಲೇಖಾರ್ಹ. ಅದೇ ವರ್ಷದ ಏಪ್ರಿಲಿನಲ್ಲಿ ಮುಂಬಯಿಯ ಐ.ಐ.ಟಿ.ಯ ಆಶ್ರಯದಲ್ಲಿ ಹುಟ್ಟಿದ ಕಂಪನಿಯೊಂದು ನ್ಯಾನೋಸ್ನಿಫರ್ ಎಂಬ ಯಂತ್ರವನ್ನು ಹೊರತಂದಿತು. ಒರೆಸಿದ ಪಟ್ಟಿಯಲ್ಲಿನ ನ್ಯಾನೋಗ್ರಾಮಿನಷ್ಟು ಕುರುಹನ್ನು ಸೂಕ್ಷ್ಮ ಸಂವೇದಕದಿಂದ ಹತ್ತು ಸೆಕೆಂಡಿನೊಳಗೆ ಹೇಳುವುದು ಅದರ ಕೆಲಸ.

ಇಂಥ ಯಂತ್ರಗಳ ಅಗತ್ಯವನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ೨೦೦೮ರ ಜುಲೈ ೨೫ರಂದು ಬೆಂಗಳೂರಿನಲ್ಲಿ ಒಂದರ ಹಿಂದೊಂದು ಬಾಂಬುಗಳು ಸಿಡಿದವು. ೨೦೨೪ರ ಮಾರ್ಚಿ ೧ರಂದು ಅದೇ ನಗರದ ಉಪಾಹಾರಗೃಹವೊಂದರಲ್ಲಿ ಊಟಕ್ಕೆ ಕುಳಿತವರು ಗಾಯಗೊಂಡರು. ಕೇಡು ಬಗೆಯುವವರ ಕೈಯಲ್ಲಷ್ಟೇ ಅಲ್ಲ, ಅಜಾಗರೂಕರ ಕೈಯಲ್ಲೂ ಮದ್ದು ಮೃತ್ಯುವೇ. ೨೦೨೧ರ ಜನವರಿಯಲ್ಲಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ ಕಲ್ಲುಗಣಿಯ ಸ್ಫೋಟಕಗಳು ಲಾರಿಯಲ್ಲೇ ಸಿಡಿದವು. ಮರುತಿಂಗಳು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳಿಂದ ಆರು ಮಂದಿ ಸತ್ತರು. ಆ ಸುದ್ದಿ ಬಂದ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಯಂತ್ರ ಹೇಳಿದ್ದೇನು, ನಾವು ತಿಳಿದದ್ದೇನು?

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಇಲ್ಲಿ ಇತಿಹಾಸದಿಂದ ಒಂದು ಉದಾಹರಣೆಯನ್ನು ಕೊಡದೆ ವಿಧಿಯಿಲ್ಲ.

೧೯೭೪ರ ನವೆಂಬರ್ ೨೧ರ ರಾತ್ರಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಎರಡು ಪಾನಗೃಹಗಳಲ್ಲಿ ಬಾಂಬು ಸಿಡಿದು ೨೧ ಮಂದಿ ಸತ್ತರು. ಆ ಸಂಜೆ ರೈಲಿನಲ್ಲಿ ಹೊರಟಿದ್ದ ಐವರು ಐರಿಷ್ ಗಂಡಸರನ್ನು ಪೊಲೀಸರು ತಡೆದರು. ಆರನೆಯವನನ್ನು ಆಮೇಲೆ ಹಿಡಿದರು. ಅವರ ಕೈಗಳನ್ನು ಒರೆಸಿ ಗ್ರೀಸ್ ಪರೀಕ್ಷೆ ಎಂಬ ಬಣ್ಣದ ಪರೀಕ್ಷೆಯನ್ನು ನಡೆಸಲಾಯಿತು. ಕೆಲವರ ಕೈಯ ಪಟ್ಟಿಯಲ್ಲಿ ಬಣ್ಣ ಬಂತು. ಇವರು ನೈಟ್ರೋಗ್ಲಿಸರಿನನ್ನು ಮುಟ್ಟಿದ್ದರೆಂಬುದು ಬಹುಮಟ್ಟಿಗೆ ನಿಶ್ಚಯವೆಂದು ಸರಕಾರದ ತಜ್ಞರು ಸಾಕ್ಷ್ಯ ನುಡಿದರು. ೧೯೭೫ರಲ್ಲಿ ಆರು ಮಂದಿಗೂ ಜೀವಾವಧಿ ಶಿಕ್ಷೆಯಾಯಿತು.

ಸ್ಫೋಟಕವಲ್ಲದ ಪದಾರ್ಥಗಳೂ ಅದೇ ಪರೀಕ್ಷೆಯಲ್ಲಿ ಅದೇ ಬಣ್ಣವನ್ನು ಕೊಡುತ್ತವೆಂದು ಆಮೇಲೆ ತೋರಿಬಂತು. ಅವುಗಳಲ್ಲಿ ನೈಟ್ರೋಸೆಲ್ಯುಲೋಸ್ ಒಂದು. ಇಸ್ಪೀಟೆಲೆಗಳ ಮೇಲಣ ಹೊಳಪಿನ ಲೇಪದಲ್ಲಿ ಅದು ಇರುತ್ತದೆ. ಆ ಐವರು ರೈಲಿನಲ್ಲಿ ಇಸ್ಪೀಟು ಆಡುತ್ತ ಹೊರಟಿದ್ದರು. ಪೊಲೀಸರು ಬಲವಂತದಿಂದ ಬರೆಸಿಕೊಂಡ ತಪ್ಪೊಪ್ಪಿಗೆಗಳೂ ಬಿದ್ದುಹೋದವು. ೧೯೯೧ರ ಮಾರ್ಚಿ ೧೪ರಂದು ಅವರ ಬಿಡುಗಡೆಯಾಯಿತು. ಅಷ್ಟರಲ್ಲಿ ಹದಿನಾರು ವರ್ಷಗಳು ಕಳೆದಿದ್ದವು. ಇದೇ ಕಾಲದಲ್ಲಿ ಲಂಡನ್ನಿನಲ್ಲಿ ಮಗ್ವಾಯರ್ ಎಂಬವರ ಮನೆಗೆ ಸೇರಿದ ಏಳು ಮಂದಿಯನ್ನು ಕೈಯ ಪರೀಕ್ಷೆಯನ್ನೇ ಮುಖ್ಯವಾಗಿ ನಂಬಿ ಶಿಕ್ಷಿಸಲಾಯಿತು. ಅವರ ಶಿಕ್ಷೆಯೂ ೧೯೯೧ರಲ್ಲಿ ರದ್ದಾಯಿತು. ಆದರೆ ಅವರಲ್ಲಿ ಒಬ್ಬಾತ ೧೯೮೦ರಲ್ಲಿಯೇ ಕೈದಿಯಾಗಿ ತೀರಿಕೊಂಡಿದ್ದ.

ಅಂದಿನ ಗ್ರೀಸ್ ಪರೀಕ್ಷೆ ಒರಟಾದದ್ದು, ಇಂದಿನ ನ್ಯಾನೋ ಸಂವೇದಕ ಸೂಕ್ಷ್ಮವಾದದ್ದು, ಆದಕಾರಣ ಇಂಥ ಅನ್ಯಾಯ ಇನ್ನು ನಡೆಯದು ಎಂದು ಕೆಲವರು ವಾದಿಸಬಹುದು. ನನಗೆ ಹಾಗೆ ತೋರುವುದಿಲ್ಲ. ಸೂಕ್ಷ್ಮತೆ ಹೆಚ್ಚಿದಷ್ಟೂ ಯಂತ್ರಕ್ಕೆ ಸಿಕ್ಕುವ ಅಮಾಯಕರ ಸಂಖ್ಯೆಯೂ ಹೆಚ್ಚುತ್ತದೆ. ಮೊದಲು ಮಣಗಟ್ಟಲೆ ಮದ್ದನ್ನು ಮಾತ್ರ ಕಾಣುತ್ತಿದ್ದ ಕಣ್ಣು ಈಗ ನ್ಯಾನೋಗ್ರಾಮನ್ನು ಕಾಣುತ್ತದೆ. ನ್ಯಾನೋಗ್ರಾಮು ಅಂಟಿಕೊಂಡಿರುವ ಕೈಗಳು ನಮ್ಮ ದೇಶದಲ್ಲಿ ಎಷ್ಟಿಲ್ಲ? ಕಲ್ಲುಗಣಿಯವರು, ಬಾವಿ ತೋಡುವವರು, ಪಟಾಕಿ ಕೆಲಸದವರು, ಸೈನಿಕರು, ಎಲ್ಲರೂ ಈ ಲೆಕ್ಕಕ್ಕೆ ಬರುತ್ತಾರೆ.

ನಮ್ಮ ಕನ್ನಡದಲ್ಲಿ ಔಷಧಿಗೂ ಮದ್ದೆನ್ನುತ್ತೇವೆ, ಸಿಡಿಯುವುದಕ್ಕೂ ಮದ್ದೆನ್ನುತ್ತೇವೆ. ಇದು ಬರಿಯ ಶಬ್ದದ ಆಟವಲ್ಲ. ೧೮೪೭ರಲ್ಲಿ ಇಟಲಿಯ ಸೊಬ್ರೆರೊ ತಯಾರಿಸಿದ ನೈಟ್ರೋಗ್ಲಿಸರಿನನ್ನೇ ಪಳಗಿಸಿ ಆಲ್ಫ್ರೆಡ್ ನೊಬೆಲ್ ೧೮೬೭ರಲ್ಲಿ ಡೈನಮೈಟನ್ನು ಮಾಡಿದ. ಅದೇ ನೈಟ್ರೋಗ್ಲಿಸರಿನು ಎದೆನೋವಿನವರು ನಾಲಗೆಯ ಕೆಳಗೆ ಇಟ್ಟುಕೊಳ್ಳುವ ಗುಳಿಗೆ. ನೊಬೆಲ್ಲನ ಕೊನೆಗಾಲದಲ್ಲಿ ಅವನಿಗೂ ವೈದ್ಯರು ಅದನ್ನೇ ಸೂಚಿಸಿದ್ದರು. ಇಂಥ ಗುಳಿಗೆ ಮುಟ್ಟಿದ ಮುದುಕರ ಬೆರಳನ್ನೂ ಬಾಂಬು ಮುಟ್ಟಿದವನ ಬೆರಳನ್ನೂ ಒಂದು ಸಂವೇದಕ ಒಂದೇ ರೀತಿಯಲ್ಲಿ ಕಂಡರೆ ಆಶ್ಚರ್ಯವೇನಿಲ್ಲ. ಅಣು ಒಂದೇ; ಅದು ಬಂದ ದಾರಿ ಬೇರೆ. ದಾರಿಯನ್ನು ಸಂವೇದಕ ಅರಿಯದು.

ಇದನ್ನೇ ಲೆಕ್ಕದ ರೂಪದಲ್ಲಿ ನೋಡೋಣ. ಕೇವಲ ಉದಾಹರಣೆಗಾಗಿ, ದಿನಕ್ಕೆ ಒಂದು ಲಕ್ಷ ಮಂದಿ ಹಾಯುವ ಒಂದು ದ್ವಾರವಿದೆಯೆಂದೂ, ಅವರಲ್ಲಿ ಕೇಡಿಗ ಒಬ್ಬನೇ ಎಂದೂ, ಯಂತ್ರವು ನೂರಕ್ಕೆ ೯೯ ಸಲ ಸರಿಯಾಗಿ ಹೇಳುತ್ತದೆಂದೂ ಇಟ್ಟುಕೊಳ್ಳಿ. ನೂರಕ್ಕೆ ೯೯ ಎಂದರೆ ನಮ್ಮ ಪರೀಕ್ಷೆಗಳಲ್ಲಿ ಮೊದಲ ದರ್ಜೆಗಿಂತಲೂ ಮೇಲು! ಆದರೂ ಉಳಿದ ಒಬ್ಬೊಬ್ಬರಂತೆ ಸುಮಾರು ಸಾವಿರ ನಿರಪರಾಧಿಗಳ ಮೇಲೆ ಅದು ಕೂಗುತ್ತದೆ. ಕೂಗಿಸಿಕೊಂಡ ಸಾವಿರದ ಒಬ್ಬರಲ್ಲಿ ಅಪರಾಧಿ ಒಬ್ಬ. ಯಂತ್ರ ಕೂಗಿತೆಂದ ಮಾತ್ರಕ್ಕೆ ಎದುರಿನವನು ಅಪರಾಧಿಯೆಂದು ಬಗೆಯುವವನು ಸಾವಿರ ಸಲ ತಪ್ಪುತ್ತಾನೆ. ಹಾಗೆಂದು ಯಂತ್ರವನ್ನು ತೆಗೆದು ಹಾಕಿದರೆ ಆ ಒಬ್ಬನೂ ಒಳಗೆ ಹೋಗುತ್ತಾನೆ.

ಈ ಇಕ್ಕಟ್ಟಿಗೆ ವಿಜ್ಞಾನಿಗಳು ಕಂಡುಕೊಂಡಿರುವ ಪರಿಹಾರಗಳು ಎರಡು. ಒಂದನೆಯದು, ಒಂದೇ ಸಂವೇದಕವನ್ನು ನಂಬದೆ ಬೇರೆ ಬೇರೆ ಸ್ವಭಾವದ ಹಲವನ್ನು ಒಟ್ಟಿಗೆ ಜೋಡಿಸಿ, ಅವೆಲ್ಲವೂ ಕೊಡುವ ಉತ್ತರಗಳ ಮಾದರಿಯನ್ನು ಓದುವುದು. ನಾಯಿಯ ಮೂಗು ಕೆಲಸ ಮಾಡುವುದೂ ಹೀಗೆಯೇ. ಅದರಲ್ಲಿ ನೂರಾರು ಬಗೆಯ ಗ್ರಾಹಕಗಳಿವೆ. ನೈಟ್ರೋ ಗುಂಪೇ ಇಲ್ಲದ ಸ್ಫೋಟಕಗಳೂ ಇರುವುದರಿಂದ ಈ ಬಹುಮುಖ ಪರೀಕ್ಷೆ ಅವಶ್ಯ. ಎರಡನೆಯದು, ದ್ವಾರದ ಯಂತ್ರವನ್ನು ಜರಡಿಯೆಂದು ಮಾತ್ರ ಭಾವಿಸಿ, ಅದು ಹಿಡಿದದ್ದನ್ನು ಪ್ರಯೋಗಾಲಯದಲ್ಲಿ ಅಣುವಿನ ತೂಕವನ್ನೇ ಅಳೆಯುವ ಉಪಕರಣಗಳಿಂದ ಮತ್ತೊಮ್ಮೆ ಖಚಿತಪಡಿಸಿಕೊಳ್ಳುವುದು.

ನಾನು ಇದಕ್ಕೆ ಮೂರನೆಯದೊಂದನ್ನು ಸೇರಿಸಬಯಸುತ್ತೇನೆ. ಯಂತ್ರ ಕೂಗಿದ ಮೇಲೆ ಮನುಷ್ಯನನ್ನು ಕೇಳುವುದು. "ಏನು ಕೆಲಸ ಮಾಡ್ತೀಯಪ್ಪ?" ಎಂಬ ಆ ಅಧಿಕಾರಿಯ ಪ್ರಶ್ನೆ ಅಂದು ನನಗೆ ಅವಮಾನವೆಂದು ತೋರಿತ್ತು. ಬರ್ಮಿಂಗ್‌ಹ್ಯಾಮಿನ ಕಥೆಯನ್ನು ಓದಿದ ಮೇಲೆ ಅದು ಸರಿಯಾದ ಪ್ರಶ್ನೆಯೆಂದು ತಿಳಿಯಿತು. ಅವರು ಕೇಳಿದರು, ಉತ್ತರವನ್ನು ಪರೀಕ್ಷಿಸಿದರು, ನಂಬಿದರು. ಬರ್ಮಿಂಗ್‌ಹ್ಯಾಮಿನಲ್ಲಿ ಕೇಳುವ ಮೊದಲೇ ಉತ್ತರ ನಿಶ್ಚಯವಾಗಿಬಿಟ್ಟಿತ್ತು.

ಉಪಸಂಹಾರ

ನೂರು ಕೋಟಿಯಲ್ಲಿ ಒಂದನ್ನು ಹುಡುಕಿ ತೆಗೆಯುವ ಶಕ್ತಿಯನ್ನು ವಿಜ್ಞಾನ ನಮಗೆ ಕೊಟ್ಟಿದೆ. ಅದು ಪ್ರಾಣಗಳನ್ನು ಉಳಿಸುತ್ತದೆ. ಇನ್ನೂ ಅಗ್ಗವಾಗಿ, ಇನ್ನೂ ಹಗುರವಾಗಿ ದೊರೆಯುವಂತಾದರೆ ಕಲ್ಲುಗಣಿಗಳ ಗೋದಾಮುಗಳಲ್ಲಿ, ಸಿಡಿಯದೆ ಉಳಿದ ಕುಳಿಗಳ ಬಳಿ ನಮ್ಮ ತಂದೆಯಂಥವರ ಪ್ರಾಣವನ್ನೂ ಉಳಿಸೀತು. ಅಂಥ ಸಂವೇದಕವನ್ನು ನಮ್ಮ ನಾಡಿನ ತರುಣ ವಿಜ್ಞಾನಿಗಳು ಮಾಡಲೆಂಬುದು ನನ್ನ ಆಸೆ. ಆ ಯಂತ್ರದ ಮುಂದೆ ಕುಳಿತುಕೊಳ್ಳ ಬೇಕಾದವರು, ಅದರ ವರದಿಯನ್ನು ಓದಿ ಆಜ್ಞೆ ಬರೆಯಬೇಕಾದವರು, ನ್ಯಾಯಾಲಯದಲ್ಲಿ ಅದನ್ನು ಕುರಿತು ವಾದಿಸಬೇಕಾದವರು ಮಾತ್ರ ಬಹುಮಟ್ಟಿಗೆ ನಮ್ಮಂಥ ಕಲಾವಿಭಾಗದವರೇ. ಆದಕಾರಣ ಯಂತ್ರವು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ನಾವೂ ಕಲಿತಿರಬೇಕು.

ಈ ಲೇಖನವನ್ನು ಬರೆದು ಮುಗಿಸಿದ ಭಾನುವಾರ ಅಪ್ಪನಿಗೆ ಓದಿ ಹೇಳಿದೆ. ಸೀರಿಯಲ್ ದೀಪದ ವಿಚಾರ ಬಂದಾಗ ತಲೆದೂಗಿದರು. ಕೊನೆಗೆ ತಮ್ಮ ಅಂಗೈಯನ್ನು ನೋಡಿಕೊಂಡು, "ಹಂಗಾದ್ರೆ ಆ ಮಿಷನ್ನು ಸುಳ್ಳು ಹೇಳಿಲ್ಲ ಅನ್ನು" ಎಂದರು. ಹೌದು, ಅದು ಸುಳ್ಳು ಹೇಳಿರಲಿಲ್ಲ.

ವಿಷಯ ನನ್ನ ಓದಿಗೆ ಮೀರಿದ್ದು. ತಪ್ಪುಗಳಿದ್ದರೆ ಅಧ್ಯಾಪಕರೂ ಸಹಪಾಠಿಗಳೂ ತಿದ್ದಬೇಕೆಂದು ವಿನಂತಿಸಿಕೊಳ್ಳುತ್ತೇನೆ.